ಕಲ್ಲಬಾವಿಗೆ ಬಂದ ಉತ್ತರ

2024ರ ನವೆಂಬರ್ 3, ಭಾನುವಾರ, ಬೆಳಿಗ್ಗೆ 6.40. ದೀಪಾವಳಿ ಆಗಷ್ಟೇ ಮುಗಿದಿತ್ತು. ವಿಜಯಪುರದ ಇಬ್ರಾಹಿಂಪುರದಲ್ಲಿರುವ ನಮ್ಮ ಮನೆಯ ಮಾಳಿಗೆಯ ಮೇಲೆ ಕೂತು, ಒಂದು ಜಾಲತಾಣದಲ್ಲಿ ನನ್ನ ಮೊದಲ ಕಾಮೆಂಟು ಹಾಕಿದೆ. ಯಾರೋ ತೆಗೆದ ಸೂರ್ಯೋದಯದ ಫೋಟೊಗೆ ‘ಬಹಳ ಚೆನ್ನಾಗಿದೆ’ ಎಂದು ಬರೆದಿದ್ದೆ.

ಆ ಜಾಲತಾಣದಲ್ಲಿ ನಾವು ಬರೆದದ್ದನ್ನು ಓದಿದವರು ಮೆಚ್ಚಿ ಮತ ಹಾಕಿದರೆ, ಮತಕ್ಕೆ ತಕ್ಕಂತೆ ನಮ್ಮ ಖಾತೆಗೆ ಒಂದಿಷ್ಟು ನಾಣ್ಯ ಸೇರುತ್ತದೆ. ಕೈಗೆ ಸಿಗುವ ನಾಣ್ಯವಲ್ಲ, ಪರದೆಯ ಮೇಲಿನ ಅಂಕಿ. ಲೇಖನಕ್ಕೂ ಬರುತ್ತದೆ, ಅದರ ಕೆಳಗೆ ಬರೆದ ಕಾಮೆಂಟಿಗೂ ಬರುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ನನ್ನಲ್ಲಿ ಲೇಖನಕ್ಕಾಗುವಷ್ಟು ವಿಷಯ ಇರಲಿಲ್ಲ. ಕಾಮೆಂಟೇ ಸಾಕೆಂದುಕೊಂಡೆ.

ದಿನಚರಿ ಬರೆಯುವುದು ನನ್ನ ಹಳೆಯ ಚಟ. ಅದರಲ್ಲೇ ಗೆರೆ ಎಳೆದು ಲೆಕ್ಕ ಇಟ್ಟೆ. ನವೆಂಬರ್ ಮುಗಿದಾಗ ಹಾಕಿದ ಕಾಮೆಂಟು ನೂರಾ ಹನ್ನೆರಡು, ಬಂದ ಉತ್ತರ ಒಂಬತ್ತು. ಆ ಒಂಬತ್ತನ್ನು ಮತ್ತೊಮ್ಮೆ ಓದಿದಾಗ ಒಂದು ಸಂಗತಿ ಕಂಡಿತು. ಎಂಟು ಕಡೆ ನಾನು ಹೊಗಳಿರಲೇ ಇಲ್ಲ, ಏನನ್ನೋ ಕೇಳಿದ್ದೆ. ಡಿಸೆಂಬರಿನಿಂದ ದಿನಕ್ಕೆ ಎರಡೇ ಕಾಮೆಂಟು ಬರೆಯತೊಡಗಿದೆ. ಲೇಖನ ಪೂರ್ತಿ ಓದುವುದು, ನನಗೆ ಗೊತ್ತಿರುವುದನ್ನು ಹೇಳುವುದು, ಗೊತ್ತಿಲ್ಲದ್ದನ್ನು ಕೇಳುವುದು. ಜನ ನನ್ನನ್ನು ಗುರುತಿಸಿ ಮಾತಾಡಿಸತೊಡಗಿದರು.

“ದಿನಾ ಮುಂಜಾನೆ ಯಾರ ಮನಿ ಸುದ್ದಿ ಕೇಳಾಕತ್ತೀಯಬೇ?” ಎಂದು ಅವ್ವ ಕೇಳಿದಳು.

“ಜಗತ್ತಿನ ಸುದ್ದಿಬೇ.”

“ಜಗತ್ತು ಎಲ್ಲೂ ಓಡಿ ಹೋಗೂದಿಲ್ಲ. ಒಲಿ ಮ್ಯಾಲಿನ ಹಾಲು ಓಡಾಕತ್ತೈತಿ, ನೋಡು.”

ಡಿಸೆಂಬರ್ ನಡುವೆ, ಇರಾನಿನ ಮರುಭೂಮಿಯ ಅಂಚಿನ ಊರೊಂದರ ಹೆಂಗಸು ಹಾಕಿದ ಲೇಖನ ಕಣ್ಣಿಗೆ ಬಿತ್ತು. ಮೇಲಿನಿಂದ ತೆಗೆದ ಫೋಟೊದಲ್ಲಿ ಇರುವೆ ಗೂಡಿನ ಬಾಯಿಗಳಂತೆ ಸಾಲಾಗಿ ಗುಂಡಿಗಳು. ಅವುಗಳ ಕೆಳಗೆ ನೀರು ಸಾಗಿಸುವ ಸುರಂಗವಿದೆಯಂತೆ, ಅದನ್ನು ಅಗೆಯಲು ಮತ್ತು ಗಾಳಿಯಾಡಲು ಈ ಗುಂಡಿಗಳಂತೆ. ನಾನು ಕನ್ನಡದಲ್ಲಿ ಬರೆದು ಫೋನಿನಿಂದ ಅನುವಾದ ಮಾಡಿಸಿ ಹಾಕಿದೆ: ತಿಕೋಟಾ ರಸ್ತೆಯ ಬದಿಗೆ ನಮ್ಮ ಕಾಕಾನ ಹೊಲದಲ್ಲಿ ಕಲ್ಲು ಕಟ್ಟಿದ ಎರಡು ಗುಂಡಿಗಳಿವೆ. ನೀರಿಲ್ಲ. ನಾವು ಕಲ್ಲಬಾವಿ ಎನ್ನುತ್ತೇವೆ. ವರ್ಷದ ಮೊದಲ ನೇಗಿಲಿಗೆ ಮುಂಚೆ ಮನೆಯವರೆಲ್ಲ ಹೊಲದ ಕಲ್ಲು ಆರಿಸಿ ಅದರಲ್ಲಿ ಹಾಕುತ್ತೇವೆ. ಮೊದಲ ಕಲ್ಲು ಮಕ್ಕಳದು. ನಾನೂ ಹಾಕಿ, ಸಪ್ಪಳಕ್ಕೆ ಕಿವಿಗೊಟ್ಟು ಕಾದಿದ್ದೇನೆ.

ತಾಸಿನೊಳಗೆ ಉತ್ತರ ಬಂತು. ಎರಡು ಗುಂಡಿಗಳ ನಡುವೆ ಎಷ್ಟು ದೂರ? ಅದೇ ಗೆರೆಯಲ್ಲಿ ಮತ್ತಷ್ಟೇ ದೂರ ಹೋದರೆ ಅಲ್ಲಿ ಏನಿದೆ? ಬಾಯಿಯ ಹತ್ತಿರ ಗಾಳಿ ಆಡುತ್ತದೆಯೇ? ಕೊನೆಗೆ ಒಂದು ಸಾಲು: ‘ದಯವಿಟ್ಟು ಇನ್ನು ಕಲ್ಲು ಹಾಕಬೇಡಿ.’

ಆದರೆ ಕಾಕಾ ಅಷ್ಟರಲ್ಲಾಗಲೇ ಎರಡನ್ನೂ ಪೂರ್ತಿ ಮುಚ್ಚಿಸಲು ನಿಶ್ಚಯಿಸಿದ್ದರು. ಮಳೆಗಾಲದಲ್ಲಿ ಅವರ ಆಕಳ ಕರು ಒಂದರಲ್ಲಿ ಬಿದ್ದು ಸತ್ತಿತ್ತು. “ಮುಂದ ಮಕ್ಕಳು ಬೀಳೂತನಕ ಕಾಯ್ತೀರೇನು?” ಎಂದು ಅವರ ಹೆಂಡತಿ ಕಾಕೂ ದಿನವೂ ಅನ್ನುತ್ತಿದ್ದರು. ದ್ರಾಕ್ಷಿ ಹಚ್ಚಲು ನೆಲ ಮಟ್ಟ ಮಾಡುವುದೂ ಇತ್ತು. ಜನವರಿಯ ಮೊದಲ ಭಾನುವಾರ ಬಬಲೇಶ್ವರದಿಂದ ಜೆಸಿಬಿ ಬರುವುದೆಂದು ಗೊತ್ತಾಗಿತ್ತು. ಒಮ್ಮೆ ಮುಚ್ಚಿದರೆ ಆ ಮೂರು ಪ್ರಶ್ನೆಗಳಿಗೆ ಉತ್ತರ ಎಂದೂ ಸಿಗುತ್ತಿರಲಿಲ್ಲ.

2025ರ ಜನವರಿ 5, ಭಾನುವಾರ. ನಾನು ಬಸ್ಸಿಳಿದು ಹೊಲ ಮುಟ್ಟುವಾಗ ಜೆಸಿಬಿ ಬಂದು ನಿಂತಿತ್ತು.

“ಬಾ ಯವ್ವಾ, ಸರಿ ಹೊತ್ತಿಗೆ ಬಂದಿ. ಕಡೀ ಕಲ್ಲು ನೀನ ಹಾಕು,” ಎಂದರು ಕಾಕಾ.

“ಅರ್ಧಾ ತಾಸು ತಡೀರಿ ಕಾಕಾ. ಸಾಲು ಹಿಡಿಯೂ ಹಗ್ಗ ಕೊಡ್ರಿ, ಅಳತಿ ಮಾಡ್ತೀನಿ.”

“ಗುಂಡಿ ಅಳತಿ ತಗೊಂಡು ಅದಕ ಅಂಗಿ ಹೊಲಸ್ತೀಯೇನು?”

ಜೆಸಿಬಿ ಚಾಲಕ ಮೇಲಿನಿಂದಲೇ ನಕ್ಕ. “ತೋಳು ಉದ್ದ ಇಡಸ್ರಿ ಅಕ್ಕಾರ, ಥಂಡಿ ಭಾಳ ಐತಿ.”

ಕಾಕೂ ಹಗ್ಗದ ಒಂದು ತುದಿ ಹಿಡಿದರು. ಮೊದಲ ಗುಂಡಿಯಿಂದ ಎರಡನೆಯದಕ್ಕೆ ಎಳೆದು ಗಂಟು ಹಾಕಿದೆವು. ಅಲ್ಲಿಂದ ಅದೇ ನೇರಕ್ಕೆ ಮತ್ತೆ ಎಳೆದಾಗ ಗಂಟು ಬದುವಿನ ಮೇಲಿನ ಜಾಲಿಕಂಟಿಯ ಪೊದೆಯೊಳಗೆ ಹೋಯಿತು.

“ಅಲ್ಲೇನೂ ಇಲ್ಲ,” ಎಂದರು ಕಾಕಾ. “ಹುಟ್ಟಿದಾಗಿಂದ ಆ ಬದು ನೋಡೇನಿ. ನಮ್ಮಪ್ಪನೂ ನೋಡ್ಯಾನ.”

“ಬಂದದ್ದರ ಬಂದೇನಿ, ಕಂಟಿ ಕೀಳ್ತೀನಿ ತಗೋರಿ,” ಎಂದ ಚಾಲಕ.

ಕಂಟಿ ಬೇರುಸಹಿತ ಎದ್ದಿತು. ಅದರಡಿ ಅಗಲವಾದ ಒಂದು ಹಾಸುಗಲ್ಲು. ಅದನ್ನು ಸರಿಸಿದಾಗ ದುಂಡಗೆ ಜೋಡಿಸಿದ ಕಲ್ಲುಗಳು, ನಡುವೆ ಕತ್ತಲೆ. ಚಾಲಕ ಎಂಜಿನ್ ನಿಲ್ಲಿಸಿದ. ಕಾಕಾ ಕಾಲಿನ ಚಪ್ಪಲಿ ಕಳಚಿ ದೂರ ಇಟ್ಟು ಬಂದು ಬಗ್ಗಿ ನೋಡಿದರು.

ಚಾಲಕ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ. ಹೊಗೆ ಮೇಲೇರಲಿಲ್ಲ. ಬಾಗಿತು, ತೆಳ್ಳಗೆ ಎಳೆಯಾಯಿತು, ನೇರ ಕೆಳಗಿಳಿಯಿತು.

“ಯಪ್ಪಾ! ಕೆಳಗ ಯಾರೋ ಕುಂತು ನನ್ನ ಬೀಡಿ ಸೇದಾಕತ್ತಾರ!”

“ಸುಮ್ನಿರೋ, ಹಂಗ ಅನಬ್ಯಾಡ,” ಎಂದು ಕಾಕೂ ಗದರಿದರು. ಆದರೆ ಅವರೂ ಸೆರಗಿನ ತುದಿಯನ್ನು ಗುಂಡಿಯ ಬಾಯಿಯ ಮೇಲೆ ಹಿಡಿದರು. ಅದೂ ಒಳಮುಖವಾಗಿ ಅಲುಗಿತು.

ನಮ್ಮ ಮನೆಯ ಮೂರು ತಲೆಮಾರು ಸುತ್ತ ಉತ್ತು ಬಿತ್ತಿದ ಜಾಗ ಅದು. ಈ ನೆಲವನ್ನೇ ನೋಡದ ಒಬ್ಬ ಹೆಂಗಸು, ನಾನು ಬರೆದ ನಾಲ್ಕಾರು ಸಾಲು ಓದಿ, ಇಲ್ಲಿ ಹುಡುಕು ಎಂದಿದ್ದರು. ಮತ್ತು ನಾವು, ಒಳ್ಳೆಯದಾಗಲಿ ಎಂದೇ, ವರ್ಷವರ್ಷವೂ ಆ ಸುರಂಗದ ಗಂಟಲಿಗೆ ಕಲ್ಲು ತುಂಬಿದ್ದೆವು.

ಕಾಕಾ ಹೋಗಿ ಚಪ್ಪಲಿ ಮೆಟ್ಟಿ ಬಂದರು. “ಕರು ಸತ್ತದ್ದು ಮರತಿಲ್ಲ ನಾ,” ಎಂದರು. ಆಮೇಲೆ ಚಾಲಕನತ್ತ ತಿರುಗಿ, “ತೆರೆದು ಬಿಡೂದು ಬ್ಯಾಡ. ಹೂಳೂದೂ ಬ್ಯಾಡ,” ಎಂದರು. ಚಾಲಕ ಮಧ್ಯಾಹ್ನದವರೆಗೆ ಹಾಸುಗಲ್ಲು ತಂದು ಮೂರೂ ಬಾಯಿಗಳ ಮೇಲೆ ಗೇಣು ಸಂದು ಬಿಟ್ಟು ಹೊದಿಸಿದ. ದ್ರಾಕ್ಷಿಯ ಒಂದು ಸಾಲು ಕಡಿಮೆಯಾಯಿತು.

“ಇನ್ನ ಕಲ್ಲು ಎಲ್ಲಿ ಒಗೀಬೇಕು?” ಎಂದು ಕಾಕೂ ಕೇಳಿದರು.

“ಬದುವಿಗಿ ಹಾಕು. ಇಷ್ಟು ದಿನ ಅದ ಬುದ್ಧಿ ಬರಲಿಲ್ಲ ನಮಗ.”

ಹೊಲದಿಂದಲೇ ಇರಾನಿನ ಆ ಹೆಂಗಸಿಗೆ ಉತ್ತರ ಬರೆದೆ. ತಮ್ಮ ಊರಿನ ಸುರಂಗ ಈಗ ಪೂರ್ತಿ ಒಣಗಿದೆಯೆಂದೂ, ನಮ್ಮದು ಉಸಿರಾಡುತ್ತಿರುವ ಸುದ್ದಿಯನ್ನು ತಮ್ಮ ತಾಯಿಗೆ ಎರಡು ಸಲ ಓದಿ ಹೇಳಿದ್ದಾಗಿಯೂ ಅವರು ಬರೆದರು. ನನ್ನ ಆ ಉತ್ತರಕ್ಕೆ ಅಲ್ಲಿಯವರೆಗೆ ನಾನು ಬರೆದ ಎಲ್ಲದಕ್ಕಿಂತ ಹೆಚ್ಚು ಮತ ಬಂದವು. ಆಮೇಲೆ ಬೇರೆ ಬೇರೆ ದೇಶದವರು ನನ್ನನ್ನೇ ಕೇಳತೊಡಗಿದರು: ಆ ಗಾಳಿ ಎಲ್ಲಿಗೆ ಹೋಗುತ್ತದೆ?

ನನಗೆ ಗೊತ್ತಿಲ್ಲ. ಹಗ್ಗದ ಮುಂದಿನ ಅಳತೆ ಪಕ್ಕದವರ ತೊಗರಿ ಹೊಲದಲ್ಲಿ ಬೀಳುತ್ತದೆ. ಆ ಗೆರೆ ನಗರದ ಕಡೆಗೆ ಮುಖ ಮಾಡಿದಂತಿದೆ, ಅಷ್ಟೇ ಹೇಳಬಲ್ಲೆ. ತಿಕೋಟಾದಿಂದ ಇಟ್ಟಂಗಿಹಾಳ, ಭೂತನಾಳದವರೆಗಿನ ಹೊಲಗಳಲ್ಲಿ ಇಂಥ ಬಾಯಿ ಕಂಡವರು, ಅಥವಾ ಮನೆಯ ಹಿರಿಯರಿಂದ ಕೇಳಿದವರು ಇದ್ದರೆ, ಅದು ಹೂತು ಹೋಗಿದ್ದರೂ ಸರಿ, ಎಲ್ಲಿತ್ತು ಎಂದು ಒಂದು ಸಾಲು ಬರೆದು ತಿಳಿಸಿ.