ಅಮ್ಮ ಜೋರಾಗಿ ಅತ್ತ ದಿನ

ಮಕ್ಕಳೇ, ಆಗಿನ್ನೂ ಮುಳಬಾಗಿಲು ಕಡೆಯ ನಮ್ಮೂರಲ್ಲಿ ಮನೆಯೊಳಗೇ ರೇಷ್ಮೆ ಹುಳು ಸಾಕುತ್ತಿದ್ದ ಕಾಲ. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಹುಳುವಿನ ವಾಸನೆ ಎರಡೂ ನಮ್ಮ ಮುದ್ದೆ, ಅವರೆಕಾಳು ಸಾರಿನ ಘಮದೊಂದಿಗೇ ಬೆರೆತಿರುತ್ತಿದ್ದವು.

ನಮ್ಮಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. ಸಾರಿಗೆ ಉಪ್ಪು ಹೆಚ್ಚಾದರೆ ಊಟದ ತಟ್ಟೆ ಅಂಗಳಕ್ಕೆ ಹಾರುತ್ತಿತ್ತು. ಅಮ್ಮನಿಗೆ ಏಟೂ ಬೀಳುತ್ತಿತ್ತು. ಅವಳು ಸದ್ದಿಲ್ಲದೆ ನೆಲ ಬಳಿಯುತ್ತಿದ್ದಳು. ಒಂದು ಸಂಜೆ ಕುಂಟೆಬಿಲ್ಲೆ ಆಡುತ್ತಿದ್ದ ನನ್ನ ತಂಗಿ, ಅಪ್ಪ ಬರುವುದನ್ನು ಕಂಡು ಒರಳಿನ ಹಿಂದೆ ಅವಿತುಕೊಂಡಳು. ಅಪ್ಪ ಅದನ್ನು ನೋಡಿಬಿಟ್ಟರು. ಮಾರನೆಯ ದಿನವೇ ಗುಡಿಯ ಅರ್ಚಕರ ಹತ್ತಿರ ಹೋದರು.

"ಕೋಪ ಬಂದಾಗ ಉಸಿರು ಹಿಡಿಯೋದು ಕಲಿಯೋಕಾಗಲ್ಲ ಕಣಪ್ಪ. ಬರದೇ ಇರೋವಾಗ ದಿನಾ ಕೂತ್ಕೋ" ಅಂದರಂತೆ ಅವರು.

ಅಂದಿನಿಂದ ಬೆಳಗಾಗೆದ್ದು ಜಗಲಿಯಲ್ಲಿ ಅಪ್ಪನ ಪ್ರಾಣಾಯಾಮ. ಎದುರು ಮನೆಯ ತೆಲುಗು ಮಾವ ಸುಮ್ಮನಿರುತ್ತಾರೆಯೇ?

"ಏಮಿ ಬಾವಾ, ಮೂಗು ಹಿಡ್ಕೊಂಡು ಕೂತಿದ್ದೀಯ? ನಿನ್ ಹುಳ ಅಷ್ಟು ನಾರ್ತವಾ?"

"ನಾರ್ತಿರೋದು ಹುಳ ಅಲ್ಲ ಬಾವಾ, ಎದುರು ಮನೆ" ಅಂದರು ಅಪ್ಪ. ಒಳಗೆ ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಆದರೂ ಅಪ್ಪನ ಕೋಪ ಇಳಿದೀತೆಂಬ ನಂಬಿಕೆ ಅವಳಿಗೆ ಬಂದಿರಲಿಲ್ಲ.

ಆ ಸಲ ಹುಳು ಇನ್ನೇನು ಗೂಡು ಕಟ್ಟಬೇಕು. ಅಮ್ಮ ಅವಸರದಲ್ಲಿ ಬದುವಿನ ಪಕ್ಕದ ಸೊಪ್ಪು ಕೊಯ್ದು ತಂದು ಹಾಕಿದಳು. ಬದುವಿನಾಚೆಯವರು ಟೊಮೇಟೊಗೆ ಔಷಧಿ ಹೊಡೆದದ್ದು ಅವಳಿಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹುಳುಗಳೆಲ್ಲ ತಲೆಯೆತ್ತಿ ಹೊರಳಾಡಿ, ಹಸಿರು ಕಕ್ಕಿ ಸತ್ತವು.

ಅಪ್ಪ ಬಂದು ನೋಡಿದರು. "ಯಾರೇ ಸೊಪ್ಪು ತಂದಿದ್ದು?"

"ನಾನೇ" ಅಂದಳು ಅಮ್ಮ, ಗೋಡೆಗೆ ಒತ್ತಿಕೊಂಡು ನಿಂತು. ತಂಗಿ ನನ್ನ ಲಂಗ ಹಿಡಿದುಕೊಂಡಳು.

ಅಪ್ಪನ ಕೈ ಮೇಲೆದ್ದಿತು. ಹಾಗೇ ನಿಂತಿತು. ಹೊರಗೆ ಹೋಗಿ ಜಗಲಿಯಲ್ಲಿ ಕೂತರು. ಎದ್ದರು. ಮತ್ತೆ ಕೂತರು. ಗರಗಸ ಎಳೆದಂತಿದ್ದ ಅವರ ಉಸಿರು ನಿಧಾನಕ್ಕೆ ಇಳಿಯುವವರೆಗೂ ನಾವು ಅಲುಗಲಿಲ್ಲ. ಆಮೇಲೆ ಒಳಗೆ ಬಂದು, ಹುಳುವಿನ ತಟ್ಟೆಗೆ ಕೈ ಹಾಕಿ, "ಬಾ, ಆ ಕಡೆ ಹಿಡ್ಕೋ. ಗುಂಡಿಗೆ ಹಾಕ್ಬಿಡೋಣ" ಅಂದರು.

ಆಗ ಅಮ್ಮ ಅತ್ತಳು. ಬೀದಿಗೆಲ್ಲ ಕೇಳುವಂತೆ ಅತ್ತಳು. ಅಷ್ಟು ವರ್ಷ ಏಟು ತಿಂದರೂ ಅವಳ ಅಳು ನಮ್ಮ ಕಿವಿಗೆ ಬಿದ್ದಿರಲಿಲ್ಲ. ಎದುರು ಮನೆ ಮಾವ ಓಡಿಬಂದು, "ಊರುಕೋಮ್ಮಾ, ಅಳ್ಬೇಡ" ಅಂದರು.

ಅಪ್ಪ ಮಾವನ ಭುಜ ಹಿಡಿದು, "ಅಳ್ಲಿ ಬಿಡು ಬಾವಾ" ಅಂದರು.

ಆಮೇಲೂ ಅಪ್ಪ ರೇಗುತ್ತಿದ್ದರು. ಕೈ ಮಾತ್ರ ಏಳಲಿಲ್ಲ.

ಈಗ ಟೀವಿಯಲ್ಲಿ ಬರುವ ಯೋಗ ನೋಡಿಕೊಂಡು ನಾನೂ ನಿಮ್ಮ ಜೊತೆ ಉಸಿರು ಎಳೆದು ಬಿಡುತ್ತೇನೆ. ಅಪ್ಪ ಇಲ್ಲ, ಅಮ್ಮ ಇಲ್ಲ. ನಿಮ್ಮ ತಾತ ಹೋದ ದಿನ ಬಂದವರೆಲ್ಲ "ಧೈರ್ಯ ತಗೋ" ಅಂದರು. ಅಷ್ಟು ಜನರ ಮುಂದೆ ನಾಚಿಕೆಯಾಗಿ ನಾನು ಅಳದೆ ಕೂತೆ. ಅಳಲಿ ಬಿಡಿ ಅನ್ನುವವರು ಅಲ್ಲಿ ಒಬ್ಬರೂ ಇರಲಿಲ್ಲ.