ಹೊಸ ಚರ್ಮ ಹಾಕಿಸಿದ ಗೆಜ್ಜೆ

ಹದಿನೆಂಟು ವರ್ಷ ನಾನು ನನ್ನ ತಂಗಿಯ ಗೆಜ್ಜೆಯನ್ನು ವಾಪಸ್ ಕೊಡಲಿಲ್ಲ. ಅದು ಕಳೆದುಹೋಗಿರಲಿಲ್ಲ. ನನ್ನ ಟ್ರಂಕಿನಲ್ಲೇ, ಮದುವೆ ಸೀರೆಯ ಕೆಳಗೆ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ನಾನು ಗೆಜ್ಜೆ ಕಟ್ಟಿ ಕುಣಿದ ವಿಡಿಯೊ ದಾವಣಗೆರೆಯಲ್ಲಿ ಸುಮಾರು ಜನರ ಫೋನಿಗೆ ಬಂದಿದೆ. ಕುಣಿದದ್ದಕ್ಕೆ ನನಗೆ ನಾಚಿಕೆಯಿಲ್ಲ. ನಾಚಿಕೆ ಇರುವುದು ಟ್ರಂಕಿನ ವಿಷಯಕ್ಕೆ.

ನನ್ನ ಯಜಮಾನರು ದಾವಣಗೆರೆಯ ಹೋಟೆಲುಗಳಲ್ಲಿ ದೋಸೆ ಹುಯ್ದವರು. ಇಲ್ಲಿನ ಪೇಟೆಯೊಂದರ ಇಂಡಿಯನ್ ಹೋಟೆಲಿನಲ್ಲಿ ಅವರಿಗೆ ಅಡುಗೆ ಕೆಲಸ ಸಿಕ್ಕಿತು, ಜೊತೆಗೆ ನಾನೂ ಬಂದೆ. ಪೇಟೆಯಲ್ಲಿ ಬಾಡಿಗೆ ಹೆಚ್ಚೆಂದು ಹತ್ತಿರದ ಹಳ್ಳಿಯಲ್ಲಿ ಒಂದು ಗ್ಯಾರೇಜಿನ ಮೇಲಿನ ಎರಡು ಕೋಣೆ ಹಿಡಿದೆವು. ಮಾಡು ಇಳಿಜಾರು, ಹಾಸಿಗೆಯಿಂದ ಎದ್ದರೆ ತಲೆ ಬಡಿಯುತ್ತಿತ್ತು. ನಾನು ಓದಿದ್ದು ಏಳನೇ ಕ್ಲಾಸು. ಮೊದಲ ದಿನ ಬಸ್ಸಿನ ಡ್ರೈವರ್ ನನ್ನನ್ನು ‘ಲವ್’ ಎಂದು ಕರೆದಾಗ ಗಾಬರಿಯಾಗಿ ಇಳಿದುಬಿಟ್ಟೆ. ನಮ್ಮ ಕಂಡಕ್ಟರು ‘ಯಕ್ಕಾ’ ಎನ್ನುವಂತೆ ಇಲ್ಲಿ ಅದು ಬರಿ ಬಾಯಿಮಾತು ಎಂದು ತಿಳಿಯಲು ಒಂದು ವಾರ ಬೇಕಾಯಿತು. ಅಷ್ಟು ದಿನವೂ ನಡೆದೇ ಕೆಲಸಕ್ಕೆ ಹೋದೆ.

ಕೆಲಸ ಹಳ್ಳಿಯ ವೃದ್ಧಾಶ್ರಮದ ಅಡುಗೆಮನೆಯಲ್ಲಿ. ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಬಟಾಣಿ, ಮೇಲೆ ಉಪ್ಪು. ಮನೆಗೆ ಬಂದು ಒಂದು ಹಿಡಿ ಮಂಡಕ್ಕಿಗೆ ಖಾರ ಕಲಸಿಕೊಂಡು ಕಿಟಕಿಯಲ್ಲಿ ಕೂತು ತಿನ್ನುತ್ತಿದ್ದೆ. ಬೀದಿಯಲ್ಲಿ ಮನುಷ್ಯರ ಸದ್ದೇ ಇರುತ್ತಿರಲಿಲ್ಲ. ದಾವಣಗೆರೆ ಪಕ್ಕದ ಶಾಮನೂರಿನಲ್ಲಿ, ನನ್ನ ಅತ್ತೆಮನೆಯ ಬೀದಿಯಲ್ಲಿ, ಇಷ್ಟು ನಿಶ್ಶಬ್ದವಾದರೆ ಯಾರೋ ಸತ್ತಿದ್ದಾರೆ ಎಂದು ಅರ್ಥ.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಆ ಬೀದಿಯಲ್ಲಿ ಗೆಜ್ಜೆಯ ಸದ್ದು ಕೇಳಿತು. ತಲೆ ಕೆಟ್ಟಿತೇನೋ ಎಂದುಕೊಂಡೆ. ಕೆಳಗಿಳಿದು ನೋಡಿದರೆ, ಪಬ್ಬಿನ ಮುಂದೆ ಬಿಳಿ ಅಂಗಿಯ ಆರು ಜನ ಎರಡು ಸಾಲಾಗಿ ನಿಂತಿದ್ದಾರೆ. ಟೋಪಿಗೆ ಹೂವು, ಎರಡೂ ಕೈಯಲ್ಲಿ ಬಿಳಿ ಕರವಸ್ತ್ರ, ಮೊಣಕಾಲ ಕೆಳಗೆ ಗೆಜ್ಜೆಪಟ್ಟಿ. ಹೊಟ್ಟೆ ಬಂದ ಗಂಡಸರು, ನೆರೆಗೂದಲಿನ ಹೆಂಗಸರು. ಒಬ್ಬ ಹಾರ್ಮೋನಿಯಮ್ಮಿನಂಥದ್ದನ್ನು ಎದೆಗೆ ತಗುಲಿಹಾಕಿಕೊಂಡು ಎಳೆದು ಒತ್ತಿ ನುಡಿಸುತ್ತಿದ್ದ. ಆಮೇಲೆ ಕರವಸ್ತ್ರ ಸಿಕ್ಕಿಸಿಕೊಂಡು ಕೋಲು ಹಿಡಿದರು, ಎದುರಿನವರ ಕೋಲಿಗೆ ಹೊಡೆದರು. ಈ ಕುಣಿತಕ್ಕೆ ಮಾರಿಸ್ ಎನ್ನುತ್ತಾರೆ. ಹಳ್ಳಿ ಹಳ್ಳಿಗೂ ಬೇರೆ ಬೇರೆ ಹೆಜ್ಜೆ. ನಾವು ಮೇಳ ಎನ್ನುವುದನ್ನು ಅವರು ‘ಸೈಡ್’ ಎನ್ನುತ್ತಾರೆ.

ನಾನು ಅಲ್ಲೇ ಗೋಡೆ ಹಿಡಿದು ಕೂತುಬಿಟ್ಟೆ. ನನ್ನ ಕಣ್ಣ ಮುಂದೆ ಇದ್ದವಳು ಮಂಜಿ.

ಮಂಜುಳಾ ನನ್ನ ತಂಗಿ. ನಮ್ಮ ತವರು ಹರಿಹರದ ಹತ್ತಿರದ ಭಾನುವಳ್ಳಿ. ನಮ್ಮ ಅಜ್ಜ ಮೊಹರಂನಲ್ಲಿ ಬೆಂಕಿ ಹಾಕಿದ ಅಲಾಯಿ ಗುಂಡಿಯ ಸುತ್ತ ಹೆಜ್ಜೆ ಹಾಕುತ್ತಿದ್ದವನು. ಮುಸಲ್ಮಾನರು, ಲಿಂಗಾಯತರು, ಕುರುಬರು ಎಲ್ಲ ಒಂದೇ ಸಾಲಲ್ಲಿ ಕುಣಿಯುತ್ತಿದ್ದರು. ಮಂಡಿ ಸೋತ ಮೇಲೆ ಅವನು ತನ್ನ ಗೆಜ್ಜೆಯನ್ನು ಮಂಜಿಗೆ ಕೊಟ್ಟ. ದೊಡ್ಡವಳು ನಾನು, ಆದರೆ ಹೆಜ್ಜೆ ಅವಳದು. ಒಂದು ಕಡೆ ಉದುರಿದ ಗೆಜ್ಜೆಯ ಜಾಗಕ್ಕೆ ಅಜ್ಜ ಟಗರಿನ ಕೊರಳ ಗಂಟೆಯೊಂದನ್ನು ಹೊಲಿದಿದ್ದ. ಅವಳು ಕುಣಿದರೆ ಸಣ್ಣ ಸದ್ದುಗಳ ನಡುವೆ ಅದೊಂದು ಮಾತ್ರ ದಪ್ಪಗೆ ಕೇಳುತ್ತಿತ್ತು. ಹದಿನಾರು ತುಂಬುವ ಹೊತ್ತಿಗೆ ಮಂಜಿ ಹುಡುಗಿಯರ ಕೋಲಾಟದ ಮೇಳ ಕಟ್ಟಿದ್ದಳು.

ನಾನಾಗ ಶಾಮನೂರಿನ ಸೊಸೆ. ಅತ್ತೆ ಒಂದು ದಿನ ಕೇಳಿದರು: “ಏನವ್ವಾ, ನಿನ್ ತಂಗಿ ಗೆಜ್ಜಿ ಕಟ್ಕೊಂಡು ಹರಿಹರದಾಗ ಸ್ಟೇಜ್ ಮ್ಯಾಲೆ ಕುಣಿತಾಳಂತೆ? ನಾಕ್ ಮಂದಿ ಕೇಳಿದ್ರ ನಾವೇನ್ ಹೇಳಾಣ?”

ಹೆಣ್ಣು ಗೆಜ್ಜೆ ಕಟ್ಟಿದರೆ ನಮ್ಮ ಕಡೆ ಜನ ಏನೇನು ಅರ್ಥ ಹಚ್ಚುತ್ತಾರೆ ಎಂದು ನಿಮಗೆ ಗೊತ್ತು. “ನಿಮಗೇನ್ ಕಷ್ಟ ಅತ್ತಿ?” ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಭಾನುವಳ್ಳಿಗೆ ಹೋದೆ. ಗೆಜ್ಜೆಯನ್ನು ತಿರುಗಿಸಿ ನೋಡಿ, “ಚರ್ಮ ಹರಿಯಾಕ ಬಂದೈತಿ, ದಾವಣಗೇರಿಯಾಗ ಹೊಸದು ಹಾಕಿಸ್ಕೊಂಡು ಬರ್ತೀನಿ” ಎಂದೆ.

“ಪ್ರೋಗ್ರಾಮ್ ಮುಂದಿನ ಗುರುವಾರ ಐತೆ ಯಕ್ಕಾ.”

“ಬುಧವಾರಕ್ಕ ತಂದೆ ಅಂತ ತಿಳಕೊ.”

ಗುರುವಾರ ಅವಳು ಭಾನುವಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಕೂತು, ಹರಿಹರದಿಂದ ಬಂದ ಒಂದೊಂದು ಬಸ್ಸಿನಲ್ಲೂ ನನ್ನನ್ನು ಹುಡುಕಿದಳಂತೆ. ನಾನು ಶಾಮನೂರಿನ ಮಾಳಿಗೆ ಮೇಲೆ ಶಾವಿಗೆ ಒಣಹಾಕುತ್ತಿದ್ದೆ. ಮುಂದೆ ನಿಂತು ಹೆಜ್ಜೆ ಕೊಡುವವಳ ಕಾಲೇ ಬರಿದು, ಮೇಳ ಹೋಗಲಿಲ್ಲ. ಆಮೇಲೆ ಅವಳು ಎರಡು ಸಲ ಗೆಜ್ಜೆ ಕೇಳಿದಳು. “ಚಮ್ಮಾರ ಇನ್ನಾ ಕೊಟ್ಟಿಲ್ಲ” ಎಂದೆ. ಮೂರನೆಯ ಸಲ ಕೇಳಲಿಲ್ಲ. ಕುಣಿಯಲೂ ಇಲ್ಲ. ಮದುವೆಯಾಗಿ ಹರಿಹರದಲ್ಲಿ ಬಟ್ಟೆ ಹೊಲಿಯುತ್ತಾ ಉಳಿದಳು. ಇಂಗ್ಲೆಂಡಿಗೆ ಹೊರಡುವಾಗ ಗೆಜ್ಜೆಯನ್ನು ಅತ್ತೆಯ ಕಣ್ಣಿಗೆ ಬೀಳುವಂತೆ ಬಿಟ್ಟು ಬರಲಾಗಲಿಲ್ಲ. ಟ್ರಂಕಿನಿಂದ ತೆಗೆದು ಸೂಟ್‌ಕೇಸಿನ ತಳದಲ್ಲಿ ಹಾಕಿಕೊಂಡೆ. ಅವಳಿಗೆ ಕೊಟ್ಟು ಬರಬಹುದಿತ್ತು. ಅದಕ್ಕೂ ಧೈರ್ಯ ಬರಲಿಲ್ಲ.

ಚಳಿಗಾಲದಲ್ಲಿ ಮಾರಿಸ್‌ನವರು ಹಳ್ಳಿಯ ಸಭಾಭವನದಲ್ಲಿ ಅಭ್ಯಾಸ ಮಾಡುತ್ತಾರೆ. ನಾನು ಮೊದಲು ಹೋದದ್ದು ಅಲ್ಲಿ ಹೀಟರ್ ಇದೆ ಎಂಬ ಕಾರಣಕ್ಕೆ. ವೃದ್ಧಾಶ್ರಮದ ಅಡುಗೆಮನೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹೆಲೆನ್ ಆ ಸೈಡಿನವಳು. ಒಬ್ಬರು ಕಡಿಮೆಯಾದಾಗ ನನ್ನ ಕೈಗೆ ಕೋಲು ಕೊಟ್ಟಳು. ಕೋಲು ತಾಗಿಸುವುದು ನನಗೆ ಕಷ್ಟವಾಗಲಿಲ್ಲ. ಕಾಲು ಕಷ್ಟವಾಯಿತು. ನಮ್ಮ ಹೆಜ್ಜೆ ನೆಲಕ್ಕೆ ಬೀಳುತ್ತದೆ, ಇವರದು ನೆಲ ಬಿಟ್ಟು ಏಳುತ್ತದೆ. “ಕೆಳಗಿನವರ ಸೂರು ಬಿದ್ದೀತು” ಎಂದು ಹೆಲೆನ್ ನಗುತ್ತಿದ್ದಳು. ಕೆಳಗೆ ಯಾರೂ ಇರಲಿಲ್ಲ, ಬರಿ ಮಣ್ಣು.

ಅವಳೇ ಒಂದು ದಿನ ಹೇಳಿದಳು. ಅವಳ ಅಪ್ಪ ಬದುಕಿರುವ ತನಕ ಇದೇ ಸೈಡಿನಲ್ಲಿ ಕುಣಿದವನು. ಅಪ್ಪನ ಗೆಜ್ಜೆ ಬಿಗಿಯುವ ಕೆಲಸ ಇವಳದು, ಕುಣಿಯಲು ಮಾತ್ರ ಬಿಡಲಿಲ್ಲ. ಆಗ ಈ ಸೈಡಿಗೆ ಹೆಂಗಸರನ್ನು ಸೇರಿಸುತ್ತಿರಲಿಲ್ಲ. ಅವನು ಸತ್ತ ಮೇಲೆ ಇವಳು ಬಂದು ಸಾಲಿನಲ್ಲಿ ನಿಂತಳು. ಇಬ್ಬರು ಗಂಡಸರು ಸೈಡ್ ಬಿಟ್ಟು ಹೋದರು. “ಹೋಗಲಿ ಎಂದೆ” ಎಂದಳು. ಕಾಲಿನ ಗೆಜ್ಜೆಪಟ್ಟಿ ಬಿಚ್ಚುತ್ತಾ, “ನಿನ್ನನ್ನು ತಡೆದದ್ದು ತಪ್ಪಾಯಿತು ಎಂದು ಅಪ್ಪ ಸಾಯುವ ಮೊದಲು ಒಂದು ಮಾತು ಹೇಳಿದ್ದರೆ ಸಾಕಿತ್ತು” ಎಂದಳು.

ಮನೆಗೆ ಬಂದು ಸೂಟ್‌ಕೇಸ್ ತೆಗೆದೆ. ಚರ್ಮ ಈಗ ನಿಜವಾಗಿಯೂ ಹರಿದಿತ್ತು. ಕುದುರೆಯ ಜೀನು ಹೊಲಿಯುವ ಮುದುಕನೊಬ್ಬ ಸೈಡಿನಲ್ಲಿದ್ದ. ಅವನು ಹೊಸ ಚರ್ಮಕ್ಕೆ ಒಂದೊಂದೇ ಗೆಜ್ಜೆ ಕೂರಿಸಿದ. ಟಗರಿನ ಗಂಟೆಯನ್ನು ಅದರ ಜಾಗಕ್ಕೇ ಹೊಲಿದ. ಕಟ್ಟಿಕೊಳ್ಳಲೇ ಎಂದು ಯಜಮಾನರನ್ನು ಕೇಳಿದರೆ, “ನಿನ್ ಕಾಲು ನಿನ್ನವು, ನನ್ನೇನ್ ಕೇಳ್ತಿ?” ಎಂದರು. ಮುಂದಿನ ಮೇ ತಿಂಗಳಲ್ಲಿ ಪಬ್ಬಿನ ಮುಂದೆ ಕುಣಿದೆ. ಇನ್ನೊಬ್ಬಳ ಗೆಜ್ಜೆ ಕಟ್ಟಿಕೊಂಡು, ಅವಳನ್ನು ಕೇಳದೆ. ಅದೂ ನನ್ನ ತಪ್ಪಿನ ಲೆಕ್ಕಕ್ಕೇ ಸೇರಲಿ.

ವಿಡಿಯೊ ಊರು ಮುಟ್ಟಿತು. ಶಾಮನೂರಿನ ನಾದಿನಿ ಫೋನ್ ಮಾಡಿದಳು: “ಏನ್ ಅತಿಗಿ, ಅಲ್ಲಿ ಹೋಗಿ ನಾಟ್ಕದ ಕಂಪ್ನಿ ಸೇರೀಯೇನು? ಅವ್ವ ಊಟ ಬಿಟ್ಟಾಳೆ.”

“ಹೂಂ, ಸೇರೀನಿ. ಟಿಕೀಟಿಲ್ಲ, ಬಂದು ನೋಡ್ರಿ. ಅತ್ತಿಯವ್ರಿಗೆ ಊಟ ಮಾಡಾಕ ಹೇಳು, ಮುಂದಿನ ಭಾನುವಾರನೂ ಕುಣಿಯೋದೈತಿ.”

ಈ ಮಾತನ್ನು ಹದಿನೆಂಟು ವರ್ಷದ ಹಿಂದೆ ಆಡಿದ್ದರೆ ಅದಕ್ಕೆ ಬೆಲೆ ಇರುತ್ತಿತ್ತು. ಸಮುದ್ರದಾಚೆ ನಿಂತು ಆಡುವುದು ಸುಲಭ.

ಎರಡು ದಿನದ ಮೇಲೆ ಮಂಜಿಯ ವಾಯ್ಸ್ ಮೆಸೇಜ್ ಬಂತು. ಒಂದೇ ಮಾತು: “ಯಕ್ಕಾ, ಟಗರಿನ ಗಂಟಿ ಸಪ್ಳ ಗೊತ್ತಾತು.”

ರಜೆ ಹಾಕಿ ಹೊರಟೆ. ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಮೈಗೆ ತಾಗಿದರು, ನಾನು ‘ಸಾರಿ’ ಎಂದೆ. “ಯಾವೂರಾತ್ರಿ?” ಎಂದು ಆಟೋದವನು ಕೇಳಿದ. ಭಾನುವಳ್ಳಿ ಎಂದರೆ ನಂಬಲಿಲ್ಲ. ಇಂಗ್ಲೆಂಡಿನ ಹಳ್ಳಿಯಲ್ಲೂ ಇದೇ ಪ್ರಶ್ನೆ ಕೇಳುತ್ತಾರೆ, ಅಲ್ಲಿಯೂ ಯಾವ ಉತ್ತರ ಕೊಟ್ಟರೂ ಪೂರ್ತಿ ನಂಬುವುದಿಲ್ಲ. ಒಂದೂರಲ್ಲಿ ಹೆಜ್ಜೆ ಭಾರ, ಇನ್ನೊಂದೂರಲ್ಲಿ ನಾಲಿಗೆ ಪರಕೀಯ. ಇರಲಿ, ಎರಡೂ ಊರಿನಲ್ಲಿ ನಡೆಯುತ್ತೇನೆ.

ಮಂಜಿ ಹೊಲಿಗೆ ಯಂತ್ರದ ಮುಂದೆ ಇದ್ದಳು. ಗೆಜ್ಜೆಯನ್ನು ಅವಳ ಮಡಿಲಿಗೆ ಇಟ್ಟೆ. ಅವಳು ಹೊಲಿಯುವವಳಲ್ಲವೇ, ಮೊದಲು ಹೊಲಿಗೆ ನೋಡಿದಳು. ಚರ್ಮದ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ನಕ್ಕಳು.

“ಹೊಸಾ ಚರ್ಮ ಹಾಕಿಸಿಯಲ್ಲೇ. ಬುಧವಾರಕ್ಕ ತರ್ತೀನಿ ಅಂದಿದ್ದಿ, ವಸಿ ತಡ ಆತು. ಅಂತೂ ತಂದಿ ಬಿಡು.”

ಅವಳು ನನಗೆ ತಪ್ಪಿಸಿಕೊಳ್ಳಲು ಬಾಗಿಲು ತೆರೆದಿಟ್ಟಿದ್ದಳು. ಹೂಂ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಚಹಾ ಕುಡಿದು, ಮಿರ್ಚಿ ತಿಂದು, ಅಕ್ಕತಂಗಿಯರಾಗಿ ಎದ್ದು ಬರಬಹುದಿತ್ತು. ನಾನು ನೆಲಕ್ಕೆ ಕೂತೆ.

“ಚರ್ಮ ಹರಿದಿರ್ಲಿಲ್ಲ ಮಂಜಿ. ಸುಳ್ಳು ಹೇಳಿದ್ದೆ. ಅತ್ತಿ ಅಂದಿದ್ದು ಖರೆ, ಆದ್ರ ಅದು ನೆಪ. ಅಜ್ಜ ನಂಗ ಕೊಡ್ಲಿಲ್ಲ ಅಂತ ಹೊಟ್ಟಿಕಿಚ್ಚು ಇತ್ತು. ನೀನು ಸ್ಟ್ಯಾಂಡಿನಾಗ ಕುಂತಿರ್ತಿ ಅಂತ ಗೊತ್ತಿದ್ದೂ ನಾನು ಬರ್ಲಿಲ್ಲ. ನಂದು ತಪ್ಪಾತು.”