ಪಾರ್ಕಿನ ಕಟ್ಟೆಯ ಮೇಲೆ ಫುಗಡಿ

ಗೆಳತಿಯ ಮಣಿಕಟ್ಟು ಮುರಿದ ಸಂಜೆ ನಾನು ಎಲ್ಲಿ ಕುಳಿತಿದ್ದೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಆಮೇಲೆ ಎಲ್ಲರೂ ಕೇಳಿದ್ದು ಅದನ್ನೇ. ಕಾರವಾರದಲ್ಲಿ ನಮ್ಮ ವಾರ್ಡಿನ ಪಾರ್ಕಿನ ನಡುವೆ ದುಂಡನೆಯ ಒಂದು ಕಟ್ಟೆ ಇದೆ. ಅದರ ಪಡುವಣ ಬದಿಗೆ ಹೊನ್ನೆ ಮರ, ಮರದಡಿ ಸಿಮೆಂಟಿನ ಬೆಂಚು. ನಾನು ಆ ಬೆಂಚಿನ ತುದಿಯಲ್ಲಿದ್ದೆ. ಇಳಿಬಿಸಿಲು ನನ್ನ ಬೆನ್ನಿಗಿತ್ತು, ಕಣ್ಣಿಗೆ ಹೊಡೆಯುತ್ತಿರಲಿಲ್ಲ.

ಪಾರ್ಕು ನಗರಸಭೆಯದು. ಬೆಳಿಗ್ಗೆ ಅಲ್ಲಿ ಯೋಗದವರು, ಸಂಜೆ ನಾವು ಹೆಂಗಸರು. ಚೌತಿ ಹತ್ತಿರ ಬಂದಾಗ ಫುಗಡಿ ಕುಣಿತದ ಅಭ್ಯಾಸಕ್ಕೆಂದು ಕಟ್ಟೆಯನ್ನು ನಮಗೆ ಬಿಟ್ಟುಕೊಡುವುದು ಕೆಲವು ವರ್ಷಗಳಿಂದ ನಡೆದುಬಂದಿದೆ. ಪಾರ್ಕುಗಳ ಉಸ್ತುವಾರಿ ನೋಡುವ ಕಿರಿಯ ಎಂಜಿನಿಯರ್ ಒಬ್ಬರು ಆಗಾಗ ಬಂದು, ದೀಪ ಉರಿಯುತ್ತದೆಯೇ, ನಲ್ಲಿ ಸೋರುತ್ತದೆಯೇ ಎಂದು ನೋಡಿ, ನಮ್ಮ ಆಟವನ್ನೂ ಸ್ವಲ್ಪ ಹೊತ್ತು ನಿಂತು ನೋಡಿ ಹೋಗುತ್ತಿದ್ದರು.

ಫುಗಡಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ನನ್ನ ತವರು ಅಂಕೋಲೆ, ನಮ್ಮ ಮನೆಮಾತು ಕನ್ನಡ. ಮದುವೆಯಾಗಿ ಕಾರವಾರಕ್ಕೆ ಬಂದ ಮೊದಲ ಚೌತಿಯಲ್ಲಿ ಪಕ್ಕದ ಮನೆಯ ಕೊಂಕಣಿ ಹೆಂಗಸೊಬ್ಬಳು ನನ್ನನ್ನು ಅಂಗಳಕ್ಕೆ ಎಳೆದಳು. "ಬಾ ಗೋ ಅಂಕೋಲೆ, ನೀ ಒರಗದಿದ್ರೂ ಗೋಡೆ ಬೀಳೂದಿಲ್ಲ," ಎಂದಳು. ಎದುರುಬದುರು ನಿಂತು, ಕೈಗಳನ್ನು ಕತ್ತರಿಯಂತೆ ಅಡ್ಡ ಹಿಡಿದು, ಪಾದಕ್ಕೆ ಪಾದ ಜೋಡಿಸಿ, ಮೈಯನ್ನು ಹಿಂದಕ್ಕೆ ಬಿಟ್ಟು ಗರಗರ ತಿರುಗುವುದನ್ನು ಅವಳೇ ಕಲಿಸಿದಳು. ಬಾಯಲ್ಲಿ ಫೂ ಫೂ ಎಂದು ತಾಳ ಹಿಡಿಯುವುದನ್ನೂ ಅವಳೇ. ಅಂದಿನಿಂದ ಅವಳೇ ನನ್ನ ಗೆಳತಿ, ಅವಳ ಜೋಡಿ ನಾನೇ. ಅವಳು ನನ್ನನ್ನು ಅಂಕೋಲೆ ಎಂದೇ ಕರೆಯುತ್ತಾಳೆ. ಬೇರೆ ಯಾರಾದರೂ ಹಾಗೆ ಕರೆದರೆ ನನಗೆ ಸೇರುವುದಿಲ್ಲ.

ಹೋದ ವರ್ಷ ನಮ್ಮ ಓಣಿಗೆ ಒಂದು ಹೊಸ ಸಂಸಾರ ಬಂತು. ಗಂಡ ಮಲ್ಲಾಪುರದಲ್ಲಿ ಕೆಲಸದಲ್ಲಿದ್ದು ನಿವೃತ್ತನಾದವನು. ಹೆಂಡತಿ ಬಹುಕಾಲ ಅಲ್ಲಿಯ ಕ್ವಾರ್ಟರ್ಸಿನಲ್ಲಿದ್ದವಳು, ತವರು ಹಣಕೋಣ ಹಳ್ಳಿ. ಮೊದಲ ಸಂಜೆಯೇ ಅವಳು ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕಟ್ಟೆ ಹತ್ತಿದಳು. ಅವಳು ತಿರುಗಿದ್ದನ್ನು ನೋಡಿ ನಮ್ಮ ಹೆಂಗಸರು ಮಾತು ನಿಲ್ಲಿಸಿದರು. ಮೈ ಅಷ್ಟು ಹಿಂದಕ್ಕೆ ಬಾಗುತ್ತಿತ್ತು, ಜಡೆ ನೇರವಾಗಿ ಹಾರುತ್ತಿತ್ತು, ಪಾದ ಮಾತ್ರ ನೆಟ್ಟಲ್ಲೇ ಇತ್ತು.

"ಇದು ಫುಗಡಿ," ಎಂದಳು ನನ್ನ ಗೆಳತಿ. "ನಾವು ಮಾಡೂದು ದೋಸೆಹಿಟ್ಟು ತಿರುವೂದು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತಿನಲ್ಲಿ 'ನಾವು' ಎಂದರೆ ಯಾರು ಎಂಬುದು ಮನೆಗೆ ಬರುವವರೆಗೂ ನನ್ನ ತಲೆಯಲ್ಲಿ ಕೊರೆಯಿತು.

ಕೆಲವೇ ದಿನಗಳಲ್ಲಿ ಗೆಳತಿ ಅವಳ ಜೋಡಿಯಾದಳು. ನನ್ನನ್ನು ಯಾರೂ ಬಿಡಿಸಲಿಲ್ಲ, ಬೇಡ ಎನ್ನಲಿಲ್ಲ. "ನೀ ಸ್ವಲ್ಪ ದಮ್ಮು ತಕ್ಕೊ ಅಂಕೋಲೆ, ನಾ ಹಣಕೋಣದವಳ ಸಂಗ್ತಿ ಒಂದು ಸುತ್ತು ಬತ್ತೆ," ಎನ್ನುತ್ತಿದ್ದಳು. ಆ ಒಂದು ಸುತ್ತು ಮುಗಿಯುತ್ತಲೇ ಇರಲಿಲ್ಲ. ನಾನು ಹೊನ್ನೆ ಮರದ ಕೆಳಗೆ ಕುಳಿತು ಅವರಿಬ್ಬರ ಕೈಗಳನ್ನು ನೋಡುತ್ತಿದ್ದೆ. ಬೇರೆಯವರು ಮುಖ ನೋಡುತ್ತಿದ್ದರು, ಹಾಡು ಕೇಳುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಕೈಗಳು ಮಾತ್ರ, ಅದರಲ್ಲೂ ನನ್ನ ಕೈ ಇರಬೇಕಾಗಿದ್ದ ಜಾಗದಲ್ಲಿದ್ದ ಆ ಇನ್ನೊಂದು ಕೈ.

ಗೆಳತಿ ಬಿದ್ದ ಸಂಜೆ ನನಗೆ ಕಂಡದ್ದು ಇಷ್ಟು. ಇಬ್ಬರೂ ಜೋರಾಗಿ ತಿರುಗುತ್ತಿದ್ದರು. ಗೆಳತಿ ಕಣ್ಣು ಮುಚ್ಚಿದ್ದಳು, ಮುಖ ಕೆಂಪಗಾಗಿತ್ತು. ಅವಳು "ಪುರೋ" ಎಂದಳು. ಕೊಂಕಣಿಯಲ್ಲಿ ಸಾಕು ಎಂದು. ಮರುಕ್ಷಣ ಹಣಕೋಣದವಳು ಮಂಡಿ ಮಡಚಿ ಕೆಳಕ್ಕೆ ಇಳಿದಳು. ಗೆಳತಿಯ ಮೊಣಕೈ ಒಳಕ್ಕೆ ಮಡಚಿತು, ಬೆರಳು ತೆರೆದವು. ಹಣಕೋಣದವಳ ಬೆರಳು ತೆರೆದಿರಲಿಲ್ಲ, ಹಿಡಿಯಲು ಏನೂ ಉಳಿಯದಿದ್ದರೂ ಮುಚ್ಚಿಯೇ ಇದ್ದವು. ಗೆಳತಿ ಪಕ್ಕಕ್ಕೆ ಹಾರಿ ಕಟ್ಟೆಯ ಅಂಚಿನಿಂದ ಕೆಳಗೆ ಬಿದ್ದಳು. ಮೂಳೆಯ ಸದ್ದು ಕೇಳಿತು. ಅದು ಇಂದಿಗೂ ನನ್ನ ಕಿವಿಯಿಂದ ಹೋಗಿಲ್ಲ.

ಮರುದಿನ ನಾನು ಬಂಗಡೆಯ ಸಾರು ಮಾಡಿ ಗೆಳತಿಯ ಮನೆಗೆ ಒಯ್ದೆ. ಹಿತ್ತಿಲ ಬಾಗಿಲಲ್ಲಿ ಹಣಕೋಣದವಳು ಕುಳಿತು ಶೆಟ್ಲಿ ಸೀಗಡಿ ಸುಲಿಯುತ್ತಿದ್ದಳು. ಬೈತಖೋಲದ ಮೀನು ಬಂದರಿಗೆ ತಾನೇ ಹೋಗಿ ತಂದಿದ್ದಳಂತೆ. ಅತ್ತು ಅತ್ತು ಅವಳ ಕಣ್ಣು ಊದಿತ್ತು.

"ಅಕ್ಕಾ, ನಾ ಕೈ ಬಿಡಲಿಲ್ಲ," ಎಂದಳು ನನ್ನನ್ನು ಕಂಡವಳೇ. "ಯಾರೂ ನಂಬೂದಿಲ್ಲ. ನೀವು ಅಲ್ಲೇ ಇದ್ರಿ ಅಲ್ದಾ?"

"ಇದ್ದೆ," ಎಂದೆ. ಸಾರು ಹಿಡಿದು ಅಡುಗೆಮನೆಗೆ ಹೋದೆ. ಒಲೆಯ ಪಕ್ಕದಲ್ಲಿ ನನ್ನ ಸಾರಿಗೆ ಜಾಗವಿರಲಿಲ್ಲ, ಅವಳ ಪಾತ್ರೆ ಇತ್ತು. ನಾನು ಸಾರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದೆ.

ಬಿದ್ದ ಸುದ್ದಿ ನಗರಸಭೆಗೆ ತಲುಪಿತ್ತು. ಪಾರ್ಕಿನಲ್ಲಿ ವಾಕಿಂಗ್ ಮಾಡುವ ಯಾರೋ ದೂರಿದ್ದರು. ಎಂಜಿನಿಯರ್ ಬಂದು ಕಟ್ಟೆಗೆ ಹಗ್ಗ ಕಟ್ಟಿಸಿ, ಎರಡು ಮಾತು ಸ್ಪಷ್ಟವಾಗಿ ಹೇಳಿ ಹೋದರು. ಒಬ್ಬರ ಅಜಾಗ್ರತೆಯಿಂದ ಹೀಗಾಗಿದ್ದರೆ ಅವರನ್ನು ಬಿಟ್ಟು ಉಳಿದವರು ಆಡಬಹುದು. ಆಟವೇ ಅಪಾಯದ್ದಾಗಿದ್ದರೆ ಇನ್ನು ಮುಂದೆ ಪಾರ್ಕಿನಲ್ಲಿ ಫುಗಡಿಯೇ ಇಲ್ಲ. ವಾರ್ಡಿನ ಸದಸ್ಯೆಯನ್ನು ಕರೆದುಕೊಂಡು ಮತ್ತೆ ಬರುತ್ತೇನೆ, ನೋಡಿದವರು ನೋಡಿದ್ದನ್ನು ಹೇಳಿ ಎಂದರು.

ಅಂದು ಹೆಂಗಸರೆಲ್ಲ ನನ್ನ ಮನೆಯ ಜಗುಲಿಯಲ್ಲಿ ಸೇರಿದರು. ಸರಿಯಾಗಿ ನೋಡಿದವಳು ನಾನೊಬ್ಬಳೇ ಎಂದು ಅವರಿಗೆ ಗೊತ್ತಿತ್ತು. ಗೆಳತಿಗೆ ಏನೂ ನೆನಪಿರಲಿಲ್ಲ.

"ಹಣಕೋಣದವಳು ಕೈ ಬಿಟ್ಳು ಅಂದ್ಬಿಡು," ಎಂದರು ಓಣಿಯ ಹಿರಿಯ ವೈನಿ. "ಅವಳು ನಿನ್ನೆ ಮೊನ್ನೆ ಬಂದವಳು. ಕಟ್ಟೆ ನಮ್ಗೆ ಉಳೀತದೆ."

"ಹೌದು, ಅವಳಿಗೆ ಎಂತ? ಹಣಕೋಣಕ್ಕೆ ಹೋಗಿ ಆಡ್ಲಿ," ಎಂದಳು ಇನ್ನೊಬ್ಬಳು.

ನಾನು ಚಹಾ ತರಲೆಂದು ಒಳಗೆ ಹೋಗಿ ಬಹಳ ಹೊತ್ತು ಒಲೆಯ ಮುಂದೆ ನಿಂತೆ. ಹಾಗೆ ಹೇಳಿದರೆ ಕಟ್ಟೆ ಉಳಿಯುತ್ತಿತ್ತು, ಗೆಳತಿಯ ಕೈಯೂ ಗುಣವಾದ ಮೇಲೆ ನನಗೇ ಸಿಗುತ್ತಿತ್ತು. ಯಾರೂ ನನ್ನನ್ನು ಸುಳ್ಳಿ ಎನ್ನುತ್ತಿರಲಿಲ್ಲ. ಅದು ಇಷ್ಟು ಸುಲಭವಾಗಿ ಕೈಗೆ ಬಂದದ್ದೇ ನನ್ನನ್ನು ಹೆದರಿಸಿತು. ಇದನ್ನು ಬಯಸಿಯೇ ನಾನು ಅಷ್ಟು ದಿನ ಬೆಂಚಿನ ಮೇಲೆ ಕುಳಿತಿದ್ದೆನೋ ಎನ್ನಿಸಿತು.

ಹೇಳಿದಂತೆ ಎಂಜಿನಿಯರ್ ಸದಸ್ಯೆಯೊಂದಿಗೆ ಬಂದರು. ಗೆಳತಿ ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಬಂದಳು. ಹಣಕೋಣದವಳು ಎಲ್ಲರಿಂದ ದೂರ, ನಲ್ಲಿಯ ಹತ್ತಿರ ನಿಂತಿದ್ದಳು.

"ಹೇಳಿ ಅಕ್ಕೋರೇ, ಕೈ ಬಿಟ್ಟವರು ಯಾರು?" ಎಂದರು ಎಂಜಿನಿಯರ್.

ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಮೊದಲು ಪುರೋ ಎಂಬ ಮಾತು ಬಂತು, ಆಮೇಲೆ ಹಣಕೋಣದವಳು ಕೆಳಗಿಳಿದಳು, ಆಮೇಲೆ ಬೆರಳು ತೆರೆದವು. ತೆರೆದದ್ದು ಅವಳ ಬೆರಳಲ್ಲ, ನನ್ನ ಗೆಳತಿಯದು.

ಗೆಳತಿಯ ಮುಖ ಕಪ್ಪಿಟ್ಟಿತು. "ನಾ ಬಿಟ್ಟೆ? ನಾ ಎಂತಕ್ಕೆ ಬಿಡಲಿ? ಸಾಯೂಕೆ ಮನಸ್ಸಾಗಿತ್ತಾ ನಂಗೆ?" ಎಂದಳು. ವೈನಿ ನನ್ನನ್ನು ಸುಡುವ ಹಾಗೆ ನೋಡಿದರು.

"ಹಂಗಾದ್ರೆ ಒಮ್ಮೆ ತೋರಿಸಿ," ಎಂದರು ಎಂಜಿನಿಯರ್. "ನಿಧಾನಕ್ಕೆ. ಕೆಳಗೆ, ಹುಲ್ಲಿನ ಮೇಲೆ."

ಹಣಕೋಣದವಳ ಜೋಡಿಯಾಗಿ ನಿಲ್ಲಲು ಯಾರೂ ಮುಂದೆ ಬರಲಿಲ್ಲ. ನಾನೇ ಹೋದೆ. ಅದುವರೆಗೆ ನಾನು ಅವಳ ಕೈ ಮುಟ್ಟಿರಲಿಲ್ಲ. ಒಣಗಿದ, ಬೆಚ್ಚಗಿನ, ಗಟ್ಟಿ ಕೈ. ತಿರುಗತೊಡಗಿದಾಗ ನನ್ನ ಭಾರವನ್ನೆಲ್ಲ ಅವಳು ತಾನೇ ಹೊತ್ತುಕೊಂಡಳು. ಬೀಳುತ್ತೇನೆಂಬ ಭಯವೇ ಬರಲಿಲ್ಲ. ಗೆಳತಿ ಯಾಕೆ ಕಣ್ಣು ಮುಚ್ಚುತ್ತಿದ್ದಳೆಂದು ನನಗೆ ಆಗ ತಿಳಿಯಿತು. ಅವಳು ಕೆಟ್ಟ ಜೋಡಿಯಾಗಿದ್ದರೆ ನನಗೆ ಎಷ್ಟೋ ಸಮಾಧಾನವಿರುತ್ತಿತ್ತು.

"ಪುರೋ," ಎಂದೆ.

ಅವಳು ತಟ್ಟನೆ ಕುಕ್ಕರಗಾಲಿಗೆ ಇಳಿದಳು. ನನ್ನ ಮೊಣಕೈಗಳು ನಾನು ಹೇಳದೆಯೇ ಒಳಕ್ಕೆ ಮಡಚಿದವು, ಬೆರಳು ತಾವಾಗಿ ತೆರೆದವು. ನಿಧಾನವಾಗಿ ತಿರುಗುತ್ತಿದ್ದುದರಿಂದ ಹುಲ್ಲಿನ ಮೇಲೆ ದೊಪ್ಪನೆ ಕೂತೆ, ಅಷ್ಟೆ.

"ಅರೇ, ನೀವೂ ಬಿಟ್ರಿ!" ಎಂದರು ಎಂಜಿನಿಯರ್.

ಹೌದು, ಬಿಟ್ಟಿದ್ದೆ. ನಮ್ಮ ಓಣಿಯ ರೂಢಿಯೇ ಹಾಗೆ. ಸಾಕು ಎಂದ ಕೂಡಲೇ ಇಬ್ಬರೂ ಮೊಣಕೈ ಮಡಚಿ ಹತ್ತಿರ ಬಂದು, ವೇಗ ಇಳಿಸಿ, ಕೈ ಬಿಡುತ್ತೇವೆ. ಹಣಕೋಣದವಳನ್ನು ಕೇಳಿದಾಗ ಅವಳು ಆಶ್ಚರ್ಯದಿಂದ ಹೇಳಿದಳು: "ನಮ್ಮಲ್ಲಿ ಹಾಂಗೆ ನಿಲ್ಸೂದಿಲ್ಲ. ಸಾಕು ಅಂದ್ರೆ ಇಬ್ರೂ ಕುಕ್ಕರಿಸಿ, ಕೂತಲ್ಲೇ ತಿರುಗಿ ಮುಗ್ಸೂದು. ಕೈ ಕಡೀಗೆ ಬಿಡೂದು. ನಿಮ್ಮಲ್ಲೂ ಹಾಂಗೇ ಅಂದ್ಕೊಂಡೆ." ಗೆಳತಿ ಬಿದ್ದ ಸಂಜೆಗೆ ಮೊದಲು ಪ್ರತಿ ಸಲವೂ ಹಾಡು ಮುಗಿದು ಅವರಿಬ್ಬರ ಆಟ ತಾನಾಗಿ ನಿಧಾನವಾಗುತ್ತಿತ್ತು. ನಡುವೆ ಸಾಕು ಎಂದದ್ದು ಅಂದೇ ಮೊದಲು.

ಗೆಳತಿ ನನ್ನ ಹತ್ತಿರ ಬಂದು, ಒಂದೇ ಕೈಯಿಂದ ನನ್ನನ್ನು ಎಬ್ಬಿಸಿದಳು. "ಕಣ್ಣು ಮುಚ್ಚಿದ್ದೆ ಗೋ," ಎಂದಳು ಸಣ್ಣ ದನಿಯಲ್ಲಿ. "ಕೈಗೆ ನೀನೇ ಅಂತ ಅನ್ಸಿತ್ತು."

ಆ ಮಾತಿಗೆ ನನಗಾದ ಸಂತೋಷವನ್ನು ಹೇಗೆ ಬರೆಯಲಿ? ಅವಳ ಮೂಳೆ ಮುರಿದು ಬಂದ ಸಂತೋಷ ಅದು. ನಾನು ತಲೆ ತಗ್ಗಿಸಿ ಸೀರೆಗಂಟಿದ ಹುಲ್ಲು ಕೊಡವಿದೆ.

ಎಂಜಿನಿಯರ್ ಮತ್ತು ಸದಸ್ಯೆ ಹೊನ್ನೆ ಮರದ ಕೆಳಗೆ ಮಾತಾಡಿಕೊಂಡರು. ಕೊನೆಗೆ ಫುಗಡಿ ಉಳಿಯಿತು, ಆದರೆ ಕಟ್ಟೆಯ ಮೇಲಲ್ಲ, ಹುಲ್ಲಿನ ಮೇಲೆ. ಯಾರನ್ನೂ ಹೊರಗೆ ಹಾಕುವುದಿಲ್ಲ. ಆಟ ನಿಲ್ಲಿಸುವ ಬಗೆ ಮಾತ್ರ ಎಲ್ಲರಿಗೂ ಒಂದೇ ಆಗಿರಬೇಕು, ಯಾವುದೆಂದು ನೀವೇ ಆರಿಸಿಕೊಳ್ಳಿ ಎಂದರು.

"ನೆಲಕ್ಕೆ ಹತ್ರ ಇದ್ರೆ ಬಿದ್ರೂ ಪೆಟ್ಟಿಲ್ಲ. ಹಣಕೋಣದ್ದೇ ಇರ್ಲಿ," ಎಂದು ಮೊದಲು ಹೇಳಿದವರು ಆ ವೈನಿಯೇ. ಉಳಿದವರೂ ಹೂಂ ಎಂದರು. ಗೆಳತಿಯೂ. ಅವಳು ನನಗೆ ತನ್ನ ಅಂಗಳದಲ್ಲಿ ಕಲಿಸಿದ ರೂಢಿ ಹೀಗೆ ನಿಂತ ನಿಲುವಿನಲ್ಲೇ ಮುಗಿದುಹೋಯಿತು.

ಹೊರಡುವ ಮುನ್ನ ಎಂಜಿನಿಯರ್ ನನ್ನ ಕಡೆ ತಿರುಗಿ, "ಅಕ್ಕೋರೇ, ನೀವು ಚಲೋ ನೋಡ್ತೀರಿ. ಆಟ ಮುಗಿಯೂ ತನಕ ಯಾರೂ ಕೈ ಬಿಡದ ಹಾಂಗೆ ನೋಡ್ಕೊಳ್ಳೂ ಜವಾಬ್ದಾರಿ ನಿಮ್ಮದು. ಕಲ್ಸೂದು ಅವರದು," ಎಂದು ಹಣಕೋಣದವಳನ್ನು ತೋರಿಸಿದರು.

ಪ್ಲಾಸ್ಟರ್ ಬಿಚ್ಚುವಷ್ಟರಲ್ಲಿ ಚೌತಿ ಕಳೆದಿತ್ತು. ಅಷ್ಟು ದಿನವೂ ನಾನು ಬೇರೆಯವರ ಕೈ ನೋಡುತ್ತ ನಿಂತಿದ್ದೆ, ಆಡಲಿಲ್ಲ. ಕೈಗೆ ಪೂರ್ತಿ ಬಲ ಬಂತೆಂದು ಡಾಕ್ಟರು ಹೇಳಿದ ಮೇಲೆ ಗೆಳತಿ ಮತ್ತೆ ಪಾರ್ಕಿಗೆ ಬಂದಳು. ಹುಲ್ಲಿನ ಮೇಲೆ ನಿಂತು ನಮ್ಮಿಬ್ಬರನ್ನೂ ನೋಡಿದಳು. ನಾನು ಸೆರಗು ಸಿಕ್ಕಿಸಿಕೊಂಡು ಸಿದ್ಧಳಾಗಿದ್ದೆ.

"ಕುಕ್ಕರಿಸೂದು ನಂಗೆ ಬರೂದಿಲ್ಲಲ್ಲ ಅಂಕೋಲೆ," ಎಂದಳು. "ಮೊದ್ಲು ಇವಳ ಹತ್ರ ಕಲೀತೆ. ಆಮೇಲೆ ನಿಂಗೆ ಹೇಳ್ಕೊಡ್ತೆ."

ಅವರಿಬ್ಬರೂ ಕೈ ಅಡ್ಡ ಹಾಕಿ ಹಿಡಿದರು. ತಿರುಗಿದರು. ಗೆಳತಿ ಪುರೋ ಎಂದಳು. ಇಬ್ಬರೂ ಒಟ್ಟಿಗೆ ಇಳಿದು, ನಗುತ್ತಾ, ಕೂತಲ್ಲೇ ಇನ್ನೂ ಸುತ್ತಿದರು. ನಾನು ಕಣ್ಣು ಬೇರೆ ಕಡೆ ತಿರುಗಿಸುವ ಹಾಗಿರಲಿಲ್ಲ. ಕೊನೆಯ ಸುತ್ತು ನಿಲ್ಲುವವರೆಗೂ ನೋಡಿದೆ. ಯಾರಾದರೂ ಕೇಳಿದರೆ ಹೇಳಬೇಕಾದದ್ದು ಇಷ್ಟೇ: ಅವರು ಕೈ ಬಿಡಲಿಲ್ಲ. ಆಟ ನಿಂತ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.